ಫರ್ಸಿಯ ಕೆಳಗಿನ ಬೇರು

ಬೇಸಿಗೆಯಲ್ಲಿ ಪತ್ರಿ ಗಿಡ ಬೋಳಾದರೆ ನಮ್ಮ ಕಡೆ ಯಾರೂ ಗಾಬರಿಯಾಗುವುದಿಲ್ಲ. ಬಿಸಿಲು ಏರುತ್ತಿದ್ದಂತೆ ಬಿಲ್ವ ತನ್ನ ಎಲೆಗಳನ್ನೆಲ್ಲ ಉದುರಿಸಿ, ಮುಳ್ಳುಗಳನ್ನಷ್ಟೇ ಉಳಿಸಿಕೊಂಡು ನಿಲ್ಲುತ್ತದೆ. ಮಳೆ ಬರುವ ಮುನ್ನವೇ ಮತ್ತೆ ಚಿಗುರುತ್ತದೆ. ಆದರೆ ಸೇಡಂನಲ್ಲಿರುವ ನನ್ನ ಅಕ್ಕನ ಮನೆಯ ಅಂಗಳದ ಪತ್ರಿ ಗಿಡ ಹೋದ ವರ್ಷ ಎಲೆ ಉದುರಿಸತೊಡಗಿದ್ದು ಶ್ರಾವಣದಲ್ಲಿ, ವಾರಗಟ್ಟಲೆ ಬಿಸಿಲೇ ಕಾಣದಷ್ಟು ಮೋಡ ಕವಿದಿದ್ದಾಗ. ಅಕ್ಕನ ಸೊಸೆ ನನಗೆ ಫೋನ್ ಮಾಡಿದಳು.

“ಮಾವಾರ, ಗಿಡದ ಫೋಟೋ ಕಳಿಸೀನಿ, ನೋಡ್ರಿ. ಎಲಿ ಎಲ್ಲಾ ಹಳದಿ ಆಗಿ ಬೀಳ್ಲಿಕತ್ತಾವ. ಅತ್ತ್ಯಾರು ಸರೀಗಿ ಊಟಾನೂ ಮಾಡವಲ್ರು. ನೀವರ ಬಂದು ಹೇಳ್ರಿ.”

ಊಟ ಬಿಡುವಂಥ ಸಂಗತಿ ಅಕ್ಕನ ಮಟ್ಟಿಗೆ ಅದರಲ್ಲಿತ್ತು. ಆ ಗಿಡವನ್ನು ತಂದವರು ನಮ್ಮ ಭಾವ, ಅಂದರೆ ಅಕ್ಕನ ಯಜಮಾನರು. ಭೂಮಾಪನ ಕಚೇರಿಯಲ್ಲಿದ್ದ ಅವರು ಕುಂಚಾವರಂ ಕಡೆ ಕೆಲಸಕ್ಕೆ ಹೋದಾಗ, ಗುಡ್ಡದ ಮೇಲಿನ ಒಂದು ಸಸಿಯನ್ನು ಬೇರುಸಹಿತ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರಂತೆ. ಅವರು ತೀರಿಕೊಂಡ ಮೇಲೆ ಅಕ್ಕ ತನ್ನ ಲಿಂಗಪೂಜೆಗೆ ಆ ಗಿಡದ ಪತ್ರಿಯನ್ನಲ್ಲದೆ ಬೇರೊಂದು ಗಿಡದ್ದನ್ನು ಮುಟ್ಟಿರಲಿಲ್ಲ. ಊರಿಗೆ ಹೋದರೂ ಚೀಲದಲ್ಲಿ ಪತ್ರಿ ಜೊತೆಗಿರುತ್ತದೆ. ಗಿಡ ಹೋದರೆ ಆಕೆಯ ಪೂಜೆ ನಿಲ್ಲುವುದಿಲ್ಲ, ನಿಜ. ಆದರೆ ದಿನವೂ ಬೆಳಿಗ್ಗೆ ಗಂಡನ ಕೈಯಿಂದ ಪಡೆದಂತೆ ಪಡೆಯುತ್ತಿದ್ದುದೊಂದು ನಿಂತುಹೋಗುತ್ತದೆ.

ನನ್ನನ್ನು ಕರೆದುದಕ್ಕೂ ಕಾರಣವಿತ್ತು. ನಾನು ಓದಿದ್ದು ಏಳನೆಯ ತರಗತಿ. ವಾಡಿ ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿ ದುಡಿದು, ಈಗ ಶಹಾಬಾದಿನಲ್ಲಿ ನೆಲೆಸಿದ್ದೇನೆ. ಒಂದು ಗಾಡಿಗೂ ಇನ್ನೊಂದು ಗಾಡಿಗೂ ನಡುವೆ ಸಿಗುತ್ತಿದ್ದ ಬಿಡುವಿನಲ್ಲಿ, ರದ್ದಿ ಅಂಗಡಿಯಿಂದ ತಂದ ವಿಜ್ಞಾನದ ಪಠ್ಯಪುಸ್ತಕಗಳನ್ನು ಓದಿದೆ. ಪುಸ್ತಕ ಹೇಳಿತೆಂಬ ಒಂದೇ ಕಾರಣಕ್ಕೆ ಯಾವ ಮಾತನ್ನೂ ಒಪ್ಪುವುದು ನನ್ನಿಂದಾಗಲಿಲ್ಲ. ಹಿರಿಯರು ಹೇಳಿದರೆಂಬ ಕಾರಣಕ್ಕೂ ಆಗಲಿಲ್ಲ. ಇದನ್ನು ನಾನು ವಿಚಾರವೆಂದು ಭಾವಿಸುತ್ತೇನೆ, ಅಕ್ಕ ಹಟವೆನ್ನುತ್ತಾಳೆ.

ಗಿಡಗಳ ವಿಷಯದಲ್ಲಿ ನನಗೆ ಪುಸ್ತಕದೊಡನೆ ಹಳೆಯ ಜಗಳವೇ ಇತ್ತು. ಆ ಪುಸ್ತಕಗಳಲ್ಲಿ ಒಂದು ಪುಟವನ್ನು ನಡುವೆ ಗೆರೆ ಎಳೆದು ಎರಡು ಮಾಡಿರುತ್ತಾರೆ. ಎಡಕ್ಕೆ ನೀರಿನ ಗಿಡಗಳು: ಅಗಲವಾದ ಎಲೆ, ಟೊಳ್ಳು ಕಾಂಡ, ದುರ್ಬಲವಾದ ಬೇರು. ಬಲಕ್ಕೆ ಒಣನೆಲದ ಗಿಡಗಳು: ಸಣ್ಣ ಎಲೆ, ಮುಳ್ಳು, ಆಳದ ಬೇರು. ಚಿತ್ರಗಳೂ ಅಷ್ಟೇ, ಒಂದು ತಾವರೆ, ಒಂದು ಕಳ್ಳಿ. ಶಹಾಬಾದಿನ ಹೊರಗೆ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಗಳಿವೆ. ಅವುಗಳಲ್ಲಿ ನೀರು ನಿಂತು ಆಪು ಎಂಬ ಜೊಂಡುಹುಲ್ಲು ಬೆಳೆದಿದೆ, ನೈದಿಲೆ ತೇಲುತ್ತದೆ. ಆ ನೀರಿನ ಅಂಚಿನಿಂದ ಕೈ ಚಾಚಿದಷ್ಟು ದೂರದಲ್ಲಿ, ಒಡೆದ ಕಲ್ಲಿನ ರಾಶಿಯ ಮೇಲೆ, ಕಳ್ಳಿ ನಿಂತಿದೆ. ಇಷ್ಟರ ಮಟ್ಟಿಗೆ ಪುಸ್ತಕ ಸರಿ. ಆದರೆ ಚಿತ್ತಾಪುರದ ದಾರಿಯ ಕೆರೆಯೊಂದರ ಅಂಗಳದಲ್ಲಿರುವ ಕರಿಜಾಲಿಯನ್ನು ಯಾವ ಕಡೆಗೆ ಬರೆಯಬೇಕು? ಅದರ ಎಲೆ ಅಕ್ಕಿನುಚ್ಚಿನಷ್ಟು ಸಣ್ಣದು, ಮುಳ್ಳು ಬೆರಳುದ್ದ. ಆದರೂ ಮಳೆಗಾಲವಿಡೀ ಅದು ಸೊಂಟದವರೆಗೆ ನೀರಿನಲ್ಲಿ ನಿಂತಿರುತ್ತದೆ, ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಒಡೆದ ಕೆಸರಿನ ಹೆಂಟೆಗಳ ನಡುವೆ ಹಸಿರಾಗಿರುತ್ತದೆ. ಮುಳ್ಳು ಬಿಸಿಲಿಗಾಗಿ ಬಂದುದೆಂದು ಪುಸ್ತಕ ಹೇಳುತ್ತದೆ. ಆಡು ಮುಳ್ಳು ತಪ್ಪಿಸಿ ತಪ್ಪಿಸಿ ಮೇಯುವುದನ್ನು ಒಮ್ಮೆ ನಿಂತು ನೋಡಿದವನಿಗೆ ಅದು ಅಷ್ಟು ಸುಲಭದ ಮಾತಾಗಿ ಕಾಣುವುದಿಲ್ಲ.

ನಾನು ಹುಟ್ಟಿದ ದಂಡೋತಿಯಲ್ಲಿಯೂ ಹೀಗೆಯೇ. ಕಾಗಿಣೆ ಹೊಳೆ ಏರಿದಾಗ ದಡದ ಹೊಲಗಳ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಅದೇ ಎರೆಮಣ್ಣು ಬಿಸಿಲಿಗೆ ಪಾದ ಸಿಕ್ಕಿಬೀಳುವಷ್ಟು ಅಗಲಕ್ಕೆ ಬಿರಿಯುತ್ತದೆ. ಅಲ್ಲಿನ ಕರಕಿ ನೀರಿನ ಹುಲ್ಲೋ ಒಣನೆಲದ ಹುಲ್ಲೋ? ನಮ್ಮ ಸೀಮೆಯ ಗಿಡಗಳು ಬೇರು ಕೀಳದೆಯೇ ವರ್ಷದಲ್ಲಿ ಎರಡು ದೇಶಗಳಲ್ಲಿ ಬಾಳುತ್ತವೆ. ಅವನ್ನು ಜಾಗದಿಂದ ವಿಂಗಡಿಸುವುದಕ್ಕಿಂತ ತಿಂಗಳಿನಿಂದ ವಿಂಗಡಿಸುವುದು ಲೇಸೆಂದು ನನಗೆ ಎಂದಿನಿಂದಲೋ ಅನಿಸಿದೆ.

ಪುಸ್ತಕದ ಒಂದು ಮಾತನ್ನು ಮಾತ್ರ ನಾನು ಕೈಯಾರೆ ಪರೀಕ್ಷಿಸಿ ಒಪ್ಪಿದ್ದೆ. ನೀರಿನ ಗಿಡದ ಕಾಂಡದೊಳಗೆ ಗಾಳಿಯ ಕೊಳವೆಗಳಿರುತ್ತವೆ ಎಂಬುದದು. ಖಣಿಯಲ್ಲಿ ಒಂದು ನೈದಿಲೆಯ ದಂಟನ್ನು ಮುರಿದು, ತುದಿಯನ್ನು ನೀರಿನಲ್ಲಿ ಮುಳುಗಿಸಿ ಊದಿದೆ. ಬುಳುಬುಳು ಗುಳ್ಳೆಗಳು ಬಂದವು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು “ಕಾಕಾ, ಹುಕ್ಕಾ ಸೇದ್ಲಿಕತ್ತೀರೇನ್ರಿ?” ಎಂದು ಕೇಳಿ ನಕ್ಕಳು. ಹುಕ್ಕಾ ಎಂದರೂ ತಪ್ಪಲ್ಲ. ಆ ಗಿಡ ಎಲೆಯಿಂದ ಗಾಳಿಯನ್ನೆಳೆದು ಕೆಸರಿನಲ್ಲಿ ಹೂತ ಬೇರಿಗೆ ಕಳಿಸುತ್ತಿತ್ತು.

ಫೋನ್ ಬಂದ ಮರುದಿನ ಪ್ಯಾಸೆಂಜರ್ ಗಾಡಿಯಲ್ಲಿ ಸೇಡಂಗೆ ಹೊರಟೆ. ವಾಡಿ ದಾಟಿದ ಮೇಲೆ ಹಳಿಯ ಎರಡೂ ಬದಿಗೆ ತೊಗರಿ. ಹೊಲಗಳ ತಗ್ಗಿನ ಮೂಲೆಗಳಲ್ಲಿ ನೀರು ನಿಂತಲ್ಲೆಲ್ಲ ತೊಗರಿ ತಲೆ ಬಾಗಿಸಿತ್ತು, ನೀರಿನಲ್ಲಿ ನಿಂತೇ ಬಾಯಾರಿದಂತೆ ಬಾಡಿತ್ತು. ಒಬ್ಬ ರೈತ ಸಲಿಕೆ ಹಿಡಿದು ಬದುವನ್ನು ಕಡಿದು ನೀರು ಹೊರಗೆ ಬಿಡುತ್ತಿದ್ದ. ತೊಗರಿಗೆ ನೀರು ನಿಲ್ಲಬಾರದೆಂಬುದು ನಮ್ಮಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಅಕ್ಕನ ಗಿಡಕ್ಕೂ ಇದೇ ಆಗಿದೆಯೆಂದು ನಾನು ಸೇಡಂ ಮುಟ್ಟುವ ಮೊದಲೇ ತೀರ್ಮಾನಿಸಿದ್ದೆ.

ನಾನು ಒಳಗೆ ಕಾಲಿಟ್ಟಾಗ ಅಕ್ಕ ಪೂಜೆ ಮುಗಿಸಿ ತಂಬಿಗೆ ಹಿಡಿದು ಗಿಡದ ಬಳಿ ನಿಂತಿದ್ದಳು. ಪೂಜೆಯ ನೀರನ್ನು ಯಾರೂ ತುಳಿಯಬಾರದೆಂದು ಗಿಡದ ಬುಡಕ್ಕೆ ಸುರಿಯುವುದು ನಮ್ಮ ಮನೆಗಳ ರೂಢಿ. ಆ ತಂಬಿಗೆಯ ಹಿಂದೆ ಒಂದು ಕೊಡವೂ ಸಿದ್ಧವಾಗಿತ್ತು. ಗಿಡ ಬಾಡಿದ ದಿನದಿಂದ ಆಕೆ ಹೆಚ್ಚಿಗೆ ಹಾಕುತ್ತಿದ್ದ ನೀರು ಅದು. ಬೀದಿಯವರೂ ಅದನ್ನೇ ಹೇಳಿದ್ದರು. ಅಂಗಳಕ್ಕೆಲ್ಲ ಹೊಸ ಫರ್ಸಿ, ಅಂದರೆ ಶಹಾಬಾದಿನ ಹಾಸುಗಲ್ಲು, ಹಾಸಿದ್ದರಿಂದ ಗಿಡಕ್ಕೆ ನೀರು ಮುಟ್ಟುತ್ತಿಲ್ಲವೆಂಬುದು ಅವರೆಲ್ಲರ ಅಭಿಪ್ರಾಯ.

“ಅಕ್ಕಾ, ಇದಕ್ಕ ನೀರು ಕಡಿಮಿ ಆಗಿಲ್ಲ, ಹೆಚ್ಚಾಗ್ಯದ. ಕೊಡದ ನೀರೂ ಬ್ಯಾಡ, ಪೂಜಿ ನೀರೂ ಬ್ಯಾಡ” ಎಂದೆ.

“ಬಂದಿಯಾ? ಕುಂದ್ರು. ಚಹಾ ಕುಡಿ. ಆಮ್ಯಾಲ ಶಾಣ್ಯಾತನ ಮಾಡು” ಎಂದಳು. ಕೊಡವನ್ನೂ ಬಗ್ಗಿಸಿದಳು. “ಶ್ರಾವಣದಾಗ ಪತ್ರಿ ಗಿಡಕ್ಕ ನೀರು ಬ್ಯಾಡ ಅಂತಿ. ನಾಳಿ ಲಿಂಗಕ್ಕೂ ನೀರು ಬ್ಯಾಡ, ನೆಗಡಿ ಆಗ್ತದ ಅಂತಿ.”

ಸೊಸೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು.

“ನೀರು ನಿಂತ್ರ ತೊಗರಿ ಸಾಯ್ತದ ಅಂತ ನಿನಗೇ ಗೊತ್ತದಲ್ಲ?”

“ತೊಗರಿ ಬ್ಯಾರೆ, ಪತ್ರಿ ಬ್ಯಾರೆ. ತೊಗರಿ ಎಲಿ ಯಾರರ ಪೂಜಿಗಿ ಏರಸ್ತಾರೇನ್?”

“ತಾನು ಪೂಜಿ ಗಿಡ ಅಂತ ಗಿಡಕ್ಕೇನ್ ಗೊತ್ತು?”

“ನಿನಗ ಗೊತ್ತಿಲ್ಲದ್ದು ಭಾಳ ಅದ ತಮ್ಮಾ. ಅದರಾಗ ಅದೂ ಒಂದು.”

ಹೊಲದಲ್ಲಿ ಬದು ಕಡಿಯುವ ಅದೇ ಜನ ಅಂಗಳದಲ್ಲಿ ಏಕೆ ಕೊಡ ಬಗ್ಗಿಸುತ್ತಾರೆಂದು ನಾನು ಯೋಚಿಸಿದೆ. ಹೊಲದಲ್ಲಿ ನೀರು ನೀರಷ್ಟೇ. ಅಂಗಳದಲ್ಲಿ ಅದು ಪ್ರೀತಿ, ಅದಕ್ಕೆ ಅಳತೆ ಇಲ್ಲ. ಅಕ್ಕನನ್ನು ಮಾತಿನಿಂದ ಗೆಲ್ಲಲಾಗದೆಂದು ಕಂಡು, “ನಡಿ, ಇದರ ತವರಮನಿಗೇ ಹೋಗೋಣ. ಅಲ್ಲಿ ಇದಕ್ಕ ಯಾರು ಕೊಡ ಹೊತ್ತು ಹಾಕ್ತಾರ, ನೋಡೇ ಬಿಡೋಣ” ಎಂದೆ.

ಆಕೆ ತಕ್ಷಣ ಒಪ್ಪಿದ್ದು ನನಗೆ ಆಶ್ಚರ್ಯ ತಂದಿತು. ಮರುದಿನ ಚಿಂಚೋಳಿಯ ಬಸ್ಸಿನಲ್ಲಿ ಕುಳಿತಾಗ ಕಾರಣ ತಿಳಿಯಿತು. ಆಕೆಯ ಮಡಿಲಲ್ಲಿ ಒದ್ದೆ ಬಟ್ಟೆ ಹಾಸಿದ ಚೀಲವಿತ್ತು. “ನನ್ನ ಗಿಡದಾಗ ಪೂಜಿಗಿ ಬರೋವಂಥ ಎಲಿ ಉಳಿದಿಲ್ಲ. ಅಲ್ಲಿರೋವು ಅದರ ಬಳಗ ಅಲ್ಲೇನ್? ಬಳಗದ್ದು ನಡೀತದ” ಎಂದಳು. ನಾನು ವಾದ ಗೆಲ್ಲಲು ಹೊರಟಿದ್ದೆ. ಆಕೆ ಬೀಗರ ಮನೆಗೆ ಹೊರಟಿದ್ದಳು.

ಕುಂಚಾವರಂ ಬಳಿ ಬಸ್ಸಿಳಿದು ಚಹಾದಂಗಡಿಯಲ್ಲಿ ವಿಚಾರಿಸಿದೆವು. ಅಂಗಡಿಯಾಕೆ ಬಿಲ್ವಕ್ಕೆ ತೆಲುಗಿನ ಹೆಸರನ್ನೇ ಬಳಸಿದಳು. “ಮಾರೇಡು ಚೆಟ್ಟಾ? ಗುಟ್ಟದ ಮ್ಯಾಲ ಭಾಳ ಅವ. ಏರ್ತೀರೇನ್ ಇಬ್ಬರೂ? ಇಳಿಸ್ಲಿಕ್ಕ ಮತ್ತ ಜನ ಕಳಸಬೇಕಾಗ್ತದ.” ಅಕ್ಕ ಅದಕ್ಕೆ, “ಇವನಿಗಿ ಕಳಸು. ನಾ ಇಳೀತೀನಿ” ಎಂದು ಮುಂದೆ ನಡೆದಳು.

ಗುಡ್ಡ ಎತ್ತರದ್ದೇನಲ್ಲ. ಕೆಂಪು ಮೊರಂ, ಅಂದರೆ ಗರಸು ಮಣ್ಣಿನ ನೆಲ, ಕಾಲಿಟ್ಟಲ್ಲಿ ಉರುಳುವ ಕಲ್ಲು. ರಾತ್ರಿ ಮಳೆ ಬಿದ್ದಿದ್ದರೂ ಅಲ್ಲಿ ಒಂದು ಹನಿಯೂ ನಿಂತಿರಲಿಲ್ಲ. ಇಳಿಜಾರಿನ ಮೇಲೆ, ಬಂಡೆಗಳ ಸಂದಿನಲ್ಲಿ, ನಾವು ಹುಡುಕುತ್ತಿದ್ದ ಗಿಡಗಳು ನಿಂತಿದ್ದವು. ಅಕ್ಕನ ಅಂಗಳದ್ದಕ್ಕಿಂತ ಗಿಡ್ಡ, ಕಾಂಡ ಗಂಟುಗಂಟು, ಎಲೆ ಮಾತ್ರ ಕಡುಹಸಿರು. ನಾನು ಒಂದು ಬಂಡೆಯ ಮೇಲೆ ಕುಳಿತು ವಿವರಿಸತೊಡಗಿದೆ. ಈ ಗಿಡ ಬೇಸಿಗೆಯಲ್ಲಿ ಎಲೆ ಬಿಡುವುದು ನೀರನ್ನು ಉಳಿಸಿಕೊಳ್ಳುವುದಕ್ಕೆ, ಇದರ ಬೇರು ಕಲ್ಲಿನ ಸಂದು ಹಿಡಿದು ಆಳಕ್ಕೆ ಹೋಗುತ್ತದೆ, ಬಡತನದಲ್ಲಿ ಬಾಳಲು ಕಲಿತದ್ದನ್ನು ಕರೆತಂದು ನೀವು ನೀರಿನಲ್ಲಿ ಮುಳುಗಿಸುತ್ತಿದ್ದೀರಿ, ಎಂದೆಲ್ಲ.

ಅಕ್ಕ ಪತ್ರಿ ಕೀಳುತ್ತ ಕೇಳಿಸಿಕೊಂಡಳು. ಪ್ರತಿ ಗಿಡಕ್ಕೂ ಕೈಮುಗಿದು ಒಂದೊಂದೇ ದಳವನ್ನು ತೆಗೆದುಕೊಳ್ಳುತ್ತಿದ್ದಳು. ಹಾಗೆ ಗಿಡದಿಂದ ಗಿಡಕ್ಕೆ ಇಳಿಯುತ್ತ ಆಕೆ ಕೆಳಗಿನ ಹಳ್ಳದವರೆಗೆ ಹೋದಳು. ಅಲ್ಲಿಂದ ಕೂಗಿದಳು.

“ತಮ್ಮಾ, ಭಾಷಣ ಮುಗದಿದ್ರ ಇಳದ ಬಾ.”

ಹಳ್ಳದ ದಂಡೆಯಲ್ಲಿ ದೊಡ್ಡದೊಂದು ಬಿಲ್ವವಿತ್ತು. ಅಂಥ ಎತ್ತರದ ಬಿಲ್ವವನ್ನು ಗುಡ್ಡದ ಮೇಲೆ ನಾನು ಒಂದನ್ನೂ ಕಂಡಿರಲಿಲ್ಲ. ದಂಡೆ ಕುಸಿದು ಅದರ ಅರ್ಧ ಬೇರು ಹೊರಬಿದ್ದಿತ್ತು. ಹರಿಯುವ ನೀರು ಆ ಬೇರುಗಳ ನಡುವೆಯೇ ನುಗ್ಗಿ ಹೋಗುತ್ತಿತ್ತು. ಗಿಡ ಮೈತುಂಬ ಎಲೆ ಹೊತ್ತು ನಿಂತಿತ್ತು.

“ಕೊಡ ಹೊತ್ತು ಹಾಕೋರು ಯಾರು ಅಂತ ಕೇಳಿದ್ದಿ. ನೋಡು, ನಳಾನೇ ಕೂಡಿಸ್ಯಾರ” ಎಂದಳು ಅಕ್ಕ.

ಕಾಲು ನೀರಿನಲ್ಲಿ ಇಳಿಬಿಟ್ಟು ಆ ಬೇರುಗಳ ಪಕ್ಕದಲ್ಲಿ ಬಹಳ ಹೊತ್ತು ಕುಳಿತೆ. ಇಲ್ಲಿಯವರೆಗೆ ಪುಸ್ತಕದ ಆ ನಡುಗೆರೆಯನ್ನು ಹಳಿಯುತ್ತಿದ್ದವನು, ಅಕ್ಕನ ಮುಂದೆ ಗೆಲ್ಲಲು ನಾನೂ ಅದೇ ಗೆರೆಯನ್ನು ಎಳೆದಿದ್ದೆ. ಬಿಲ್ವ ಒಣನೆಲದ್ದು, ಆದ್ದರಿಂದ ನೀರು ಅದಕ್ಕೆ ವಿಷ, ಎಂದು. ಕಣ್ಣೆದುರಿನ ಗಿಡ ಅದನ್ನು ಅಲ್ಲಗಳೆಯುತ್ತಿತ್ತು. ಬೇರಿನ ಕೆಳಗೆ ಕೈ ಹಾಕಿದೆ. ಬರೀ ಹರಳು ಮತ್ತು ದಪ್ಪ ಉಸುಕು. ಬೆರಳುಗಳ ನಡುವೆ ನೀರು ತಣ್ಣಗೆ ಜಾರಿಹೋಗುತ್ತಿತ್ತು, ಮಣ್ಣು ಕೈಗೆ ಅಂಟಲೇ ಇಲ್ಲ.

ಹಿಂತಿರುಗುವ ಬಸ್ಸಿನಲ್ಲಿ ಅಕ್ಕ ಗೆಲುವಿನಿಂದ ಶೇಂಗಾ ಸುಲಿದು ಸುಲಿದು ನನ್ನ ಅಂಗೈಗೆ ಹಾಕುತ್ತಿದ್ದಳು. ನನಗೆ ಖಣಿಯ ನೈದಿಲೆ ನೆನಪಾದದ್ದು ಆಗ. ಸದಾ ಕೆಸರಿನಲ್ಲಿರುವ ಆ ಗಿಡ ತನ್ನ ಬೇರಿಗೆ ತಾನೇ ಗಾಳಿಯನ್ನು ಒಯ್ಯುತ್ತದೆ. ಬಿಲ್ವಕ್ಕೆ ಆ ಕೊಳವೆಯಿಲ್ಲ, ಬೇರಿನ ಸುತ್ತಲ ಮಣ್ಣಿನ ಸಂದಿನಲ್ಲಿ ಇರುವಷ್ಟೇ ಗಾಳಿ ಅದಕ್ಕೆ. ಹರಿಯುವ ನೀರು, ಹರಳಿನ ನೆಲ ಇದ್ದರೆ ಆ ಗಾಳಿ ಉಳಿಯುತ್ತದೆ. ನೀರು ಎಷ್ಟಿದೆ ಎಂಬುದಲ್ಲ, ಅದು ನಿಂತಿದೆಯೋ ಹೋಗುತ್ತಿದೆಯೋ ಎಂಬುದನ್ನು ನಾನು ಕೇಳಬೇಕಿತ್ತು. ಕೆರೆಯ ಜಾಲಿ ನಿಂತ ನೀರಿನಲ್ಲಿ ಹೇಗೆ ಬದುಕುತ್ತದೆಂಬುದು ಇದರಿಂದ ಬಗೆಹರಿಯುವುದಿಲ್ಲ. ಅದನ್ನು ನಾನು ಇವತ್ತಿಗೂ ಬಗೆಹರಿಸಿಲ್ಲ.

ಮನೆ ಸೇರಿದವನೇ, “ಅಕ್ಕಾ, ನೀ ಗೆದ್ದಿ. ನಿನ್ನ ತಂಬಿಗಿ ನೀರಿಗೆ ಗಿಡ ಸಾಯಂಗಿಲ್ಲ. ಆದರ ಬುಡದಾಗಿನ ಒಂದು ಫರ್ಸಿ ಎತ್ತಲಿಕ್ಕ ಬಿಡು” ಎಂದೆ.

“ಮಗ ಮೊನ್ನೆ ಹಾಸ್ಯಾನ. ನಿನಗ ಕೈ ತುರಸ್ಲಿಕತ್ತಾವೇನ್?”

“ತುರಸ್ಲಿಕತ್ತಾವ.”

ಆಕೆ ಗಿಡದ ಕಡೆ ತಿರುಗಿದಳು. ಅಷ್ಟರಲ್ಲಿ ಇನ್ನೆರಡು ಎಲೆ ಬಿದ್ದವು. “ಎತ್ತು” ಎಂದಳು.

ಸೊಸೆ ಹಾರೆ ತಂದು ತಾನೂ ಕೈಹಾಕಿದಳು. ಸಂದುಗಳಿಗೆ ತುಂಬಿದ್ದ ಸಿಮೆಂಟು ಒಡೆದು ಮೊದಲ ಫರ್ಸಿ ಮೇಲೆದ್ದಾಗ ಕೊಳೆತ ತತ್ತಿಯಂಥ ವಾಸನೆ ಅಂಗಳವನ್ನೆಲ್ಲ ತುಂಬಿತು. ಕೆಳಗೆ ನೀಲಿಗಪ್ಪು ಕೆಸರು. ಹೆಬ್ಬೆರಳಿನ ಗಾತ್ರದ ಬೇರೊಂದನ್ನು ಹಿಡಿದೆ, ತೊಗಟೆ ಪೊರೆಯಂತೆ ಕಳಚಿ ಕೈಯಲ್ಲೇ ಉಳಿಯಿತು. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು, ಹಾಗೆಯೇ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ಸೋದರಳಿಯ ಸಿಮೆಂಟ್ ಕಾರ್ಖಾನೆಯ ಪಾಳಿ ಮುಗಿಸಿ ಬಂದಾಗ ವಿಷಯ ಪೂರ್ತಿ ತಿಳಿಯಿತು. ಮಳೆಗಾಲದಲ್ಲಿ ತಾಯಿಯ ಕಾಲಿಗೆ ಕೆಸರಾಗಬಾರದೆಂದು ಆತ ಫರ್ಸಿ ಹಾಸಿಸಿದ್ದ. ಮಾಳಿಗೆಯ ನೀರು, ಅಂಗಳ ತೊಳೆದ ನೀರು, ಬಚ್ಚಲಿನ ನೀರು, ಎಲ್ಲಕ್ಕೂ ಗಿಡದ ಕಡೆಗೆ ಇಳಿಜಾರು ಕೊಡಿಸಿದ್ದ. “ನೀರು ಹಾಳಾಗಬಾರದು, ಗಿಡಕ್ಕರ ಹೋಗಲಿ ಅಂದೆ ಮಾವಾ” ಎಂದ. ಅವನನ್ನು ನಾನು ಏನೆನ್ನಲಿ? ಬೇಸಿಗೆಯಲ್ಲಿ ಕೈ ತೊಳೆದ ನೀರನ್ನೂ ಗಿಡಕ್ಕೆ ಚೆಲ್ಲುವ ಸೀಮೆ ನಮ್ಮದು. ಆ ಅಭ್ಯಾಸದಿಂದಲೇ ಇಲ್ಲಿ ಎಷ್ಟೋ ಗಿಡಗಳು ಬದುಕಿವೆ. ಅದಕ್ಕೂ ಒಂದು ಹಂಗಾಮು ಇದೆಯೆಂಬುದನ್ನು ಮಾತ್ರ ನಾವು ಯಾರೂ ಯೋಚಿಸಿರಲಿಲ್ಲ.

ಆ ವಾರದಲ್ಲಿ ಬುಡದ ಸುತ್ತಲ ಫರ್ಸಿಗಳನ್ನೆಲ್ಲ ಎಬ್ಬಿಸಿದೆವು. ಕೆಸರು ತೆಗೆದು ಮೊರಂ, ಹರಳು ತುಂಬಿದೆವು. ಬಚ್ಚಲಿನ ನೀರು ಹಿತ್ತಿಲಿನ ಬಾಳೆಗೆ ಹೋಯಿತು, ಬಾಳೆ ಸಂತೋಷದಿಂದ ಕುಡಿಯಿತು. ಕೆಲಸ ಮುಗಿದ ದಿನ ಅಕ್ಕ ಕೇಳಿದಳು.

“ನನ್ನ ತಂಬಿಗಿ?”

“ಹಾಕು.”

“ಮೊದಲು ಬ್ಯಾಡ ಅಂದಿದ್ದಿ?”

“ಅವಾಗ ನಾ ಹಳ್ಳದ ಗಿಡ ನೋಡಿದ್ದಿಲ್ಲ.”

ಆಕೆ ಒಂದು ತಂಬಿಗೆ ಸುರಿದಳು. ಹರಳಿನ ನಡುವೆ ನೀರು ಇಂಗಿಹೋಗುವುದನ್ನು ಇಬ್ಬರೂ ನೋಡಿದೆವು.

ಆದರೂ ತಡವಾಗಿತ್ತು. ದೀಪಾವಳಿಯ ಹೊತ್ತಿಗೆ ಗಿಡ ಪೂರ್ತಿ ಬೋಳಾಯಿತು, ಟೊಂಗೆ ಮುರಿದರೆ ಒಳಗೆ ಹಸಿ ಇರಲಿಲ್ಲ. ಅಕ್ಕ ಮಾತ್ರ ಪೂಜೆಯನ್ನು ತನ್ನ ರೀತಿಯಲ್ಲಿಯೇ ನಡೆಸಿದಳು. ಬಿಲ್ವಪತ್ರೆಗೆ ಮೈಲಿಗೆಯಿಲ್ಲ, ಏರಿಸಿದ್ದನ್ನೇ ತೊಳೆದು ಮತ್ತೆ ಏರಿಸಬಹುದೆಂಬ ನಂಬಿಕೆ ನಮ್ಮಲ್ಲಿದೆ. ಗುಡ್ಡದಿಂದ ತಂದ ದಳಗಳನ್ನೇ ಆಕೆ ದಿನವೂ ತೊಳೆದು, ಒರೆಸಿ, ಏರಿಸುತ್ತಿದ್ದಳು. ಚಳಿಗಾಲ ಕಳೆಯುವಷ್ಟರಲ್ಲಿ ಅವು ಕಂದು ಬಣ್ಣಕ್ಕೆ ತಿರುಗಿ, ಅಂಚು ಮುರಿದು, ನಡುವಿನ ನರವಷ್ಟೇ ಉಳಿದಿದ್ದವು. ಮಗ ಪೇಟೆಯಿಂದ ತಾಜಾ ಪತ್ರಿ ತಂದುಕೊಟ್ಟರೆ, “ದೇವರ ಕಟ್ಟಿ ಮ್ಯಾಲಿಡು” ಎನ್ನುತ್ತಿದ್ದಳು. ತನ್ನ ಕೈಯ ಲಿಂಗಕ್ಕೆ ಅದನ್ನು ಏರಿಸುತ್ತಿರಲಿಲ್ಲ. ನಾನು ಹೋದಾಗಲೆಲ್ಲ ಆ ಮುರುಕು ಎಲೆಗಳ ಬಟ್ಟಲು ಕಣ್ಣಿಗೆ ಬೀಳುತ್ತಿತ್ತು. ಅದರ ಬಗ್ಗೆ ನಾವು ವಾದಿಸಲಿಲ್ಲ.

ಈ ವರ್ಷ ಬಿಸಿಲು ಜೋರಾದ ಮೇಲೆ ಸೊಸೆಯಿಂದ ಮತ್ತೆ ಫೋಟೋ ಬಂದಿತು. ಒಣಗಿದ ಕಾಂಡದಿಂದ ಒಂದು ಮೊಳ ದೂರದಲ್ಲಿ, ಹರಳಿನ ನಡುವಿನಿಂದ, ಒಂದು ಕುಡಿ ಎದ್ದಿತ್ತು. ನಾನು ಸೇಡಂ ತಲುಪಿದಾಗ ಅಕ್ಕ ಅದರ ಸುತ್ತ ಮೂರು ಕಲ್ಲು ಇಟ್ಟು, ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತಿದ್ದಳು. ಎಲೆಗಳು ಇನ್ನೂ ಕೆಂಪಗಿದ್ದವು, ಆದರೆ ಒಂದು ತೊಟ್ಟಿಗೆ ಮೂರರಂತೆ ಸ್ಪಷ್ಟವಾಗಿ ಬಿಚ್ಚಿದ್ದವು.

“ತಮ್ಮಾ, ನೀ ಎಲ್ಲಾದಕ್ಕೂ ಅನುಮಾನ ಮಾಡಾಂವ. ಖರೇ ಹೇಳು. ಇದು ಅವರು ತಂದ ಗಿಡಾನೇ ಹೌದೇನ್?”

ಹೌದೆಂದು ಹೇಳಿಬಿಡಬೇಕೆಂದು ನನಗೆ ಎಷ್ಟು ಅನಿಸಿತೆಂದರೆ, ನಾಲಗೆಯನ್ನು ಹಿಡಿದುಕೊಳ್ಳಬೇಕಾಯಿತು. ಬಿಲ್ವ ಬೇರಿನಿಂದ ಮರಿಯೊಡೆಯುತ್ತದೆ, ಅದನ್ನು ಗುಡ್ಡದಲ್ಲಿಯೂ ಕಂಡಿದ್ದೆ. ಈ ಕಡೆಯ ಒಂದು ಬೇರು ಕೊಳೆಯದೆ ಗಟ್ಟಿಯಾಗಿದ್ದುದನ್ನು ಮಣ್ಣು ತೆಗೆಯುವಾಗ ನೋಡಿದ್ದೆ. ಆದರೆ ಹಿಂದೆ ಉದುರಿ ಒಡೆದ ಕಾಯಿಗಳ ಬೀಜವೂ ಅಲ್ಲಿ ಬಿದ್ದಿರಬಹುದಿತ್ತು. ಇದ್ದುದನ್ನು ಇದ್ದಂತೆ ಹೇಳಿದೆ.

“ಬೇರಿನಿಂದ ಬಂದಂಗ ಕಾಣ್ತದ ಅಕ್ಕಾ. ಬೀಜದ್ದೂ ಇರಬಹುದು. ಅಗದು ನೋಡಿದ್ರ ತಿಳೀತದ. ಆದರ ಅಗದ್ರ ಸಾಯ್ಲೂಬಹುದು.”

“ಬೀಜದ್ದಾದ್ರ ಅದು ಯಾವ ಗಿಡದ ಬೀಜ?”

“ಇದೇ ಗಿಡದ್ದು. ಸುತ್ತ ಬ್ಯಾರೆ ಬಿಲ್ವ ಎಲ್ಲದ?”

“ಮತ್ತ? ಬೇರಾದ್ರ ಅದೇ, ಬೀಜಾದ್ರ ಅದರ ಮಗ. ಎರಡೂ ನಮ್ಮನಿದೇ. ಅಗಿಬ್ಯಾಡ, ಸುಮ್ಮ ಕುಂದ್ರು.”

ಆ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಎಲೆ ಹಸಿರಾದ ಮೇಲೂ ಅಕ್ಕ ಕೀಳಲಿಲ್ಲ. ಎಳೆಯದು ಮೊದಲು ತಾನು ಉಣ್ಣಲಿ ಎನ್ನುತ್ತಿದ್ದಳು. ಈ ಶ್ರಾವಣದ ಮೊದಲ ಸೋಮವಾರ ಸ್ನಾನ ಮಾಡಿ ಬಂದು, ಬಗ್ಗಲು ಕಷ್ಟವಾದರೂ ಯಾರ ಕೈಯನ್ನೂ ಹಿಡಿಯದೆ, ಕುಡಿಯ ಕೆಳಗಿನ ತೊಟ್ಟಿನಿಂದ ಒಂದೇ ಒಂದು ದಳವನ್ನು ಬಿಡಿಸಿಕೊಂಡಳು. ನಾನು ಹೊರಗಿನ ಕಟ್ಟೆಯಲ್ಲಿದ್ದೆ. ಪೂಜೆ ಮುಗಿಸಿ ತಂಬಿಗೆ ಹಿಡಿದು ಬಂದವಳು, ಸುರಿಯುವ ಮುನ್ನ ಬಗ್ಗಿ ಬೆರಳಿನಿಂದ ಹರಳು ಸರಿಸಿ, ಕೆಳಗೆ ಹಸಿ ಇದೆಯೇ ಎಂದು ಮುಟ್ಟಿ ನೋಡಿದಳು. ಹಸಿ ಇತ್ತು. ತಂಬಿಗೆಯನ್ನು ಹಾಗೆಯೇ ಹಿಡಿದುಕೊಂಡು ಹಿತ್ತಿಲಿನ ಬಾಳೆಯ ಕಡೆಗೆ ನಡೆದಳು.